ಯಾವ ದೇವರ ಕೂದಲು

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಎಲ್ಲರ ಕೂದಲೂ ಕತ್ತರಿಸುತ್ತಿದ್ದರು, ನನ್ನೊಬ್ಬನದನ್ನು ಬಿಟ್ಟು. ಎಲ್ಲರೂ ಅಂದರೆ ಕುರಿಗಳು. ಹಟ್ಟಿಯ ಮುಂದೆ ಅಪ್ಪ ಒಂದೊಂದೇ ಕುರಿಯ ಕಾಲು ಕಟ್ಟಿ ಮಲಗಿಸಿ, ಉದ್ದನೆಯ ಕತ್ತರಿಯಿಂದ ಉಣ್ಣೆ ಕತ್ತರಿಸಿ ಬಿಡುತ್ತಿದ್ದ. ಅವು ಎದ್ದು ಮೈ ಕೊಡವಿಕೊಂಡು, ತಮ್ಮ ಅಂಗಿಯನ್ನು ಯಾರೋ ಕದ್ದೊಯ್ದ ಹಾಗೆ ಸುತ್ತಮುತ್ತ ನೋಡುತ್ತಿದ್ದವು. ನಾನು ಪಕ್ಕದ ಕಲ್ಲಿನ ಮೇಲೆ ಸೊಂಟದವರೆಗೆ ಜಡೆ ಇಳಿಬಿಟ್ಟುಕೊಂಡು, ಆ ಕುರಿಗಳ ಮುಖವನ್ನೇ ನನ್ನ ಮುಖಕ್ಕೆ ತಂದುಕೊಂಡು ಕೂತಿರುತ್ತಿದ್ದೆ. ಈಗ ಮದುವೆ ಮನೆಯಲ್ಲಿ ಮೈಕು ಕೈಗೆ ಸಿಕ್ಕರೆ ಸಾಕು, ಬೀಗರ ಕೆಮ್ಮಿನಿಂದ ಹಿಡಿದು ಕಂಡಕ್ಟರನ ಸೀಟಿಯವರೆಗೆ ಎಲ್ಲವನ್ನೂ ಮಾಡಿ ತೋರಿಸುತ್ತೇನೆ, ಜನ ನಗುತ್ತ ಊಟಕ್ಕೆ ಏಳುತ್ತಾರೆ. ನನ್ನ ಮೊದಲ ಗುರುಗಳು ಮಾತ್ರ ಕುರಿಗಳೇ. ಗುರುದಕ್ಷಿಣೆಯಾಗಿ ನಾನು ಅವುಗಳಿಗೆ ಒಂದು ಹಿಡಿ ಮೇವನ್ನೂ ಹೆಚ್ಚಿಗೆ ಹಾಕಲಿಲ್ಲ.

ಅಣಕದ ವಿದ್ಯೆ ಬೇಕಾದದ್ದು ಜಡೆಯ ಕಾರಣಕ್ಕೆ. ಶಾಲೆಯಲ್ಲಿ ನನ್ನ ಹೆಸರು ಮಲ್ಲಪ್ಪ, ಹುಡುಗರು ಕರೆಯುತ್ತಿದ್ದದ್ದು ಮಲ್ಲಮ್ಮ. ಮೊದಮೊದಲು ಅಳುತ್ತಿದ್ದೆ. ಆಮೇಲೆ ಅವರು ಬಾಯಿ ತೆರೆಯುವ ಮೊದಲೇ ನಾನೇ ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು, ಸೊಂಟದ ಮೇಲೆ ಇಲ್ಲದ ಕೊಡ ಇಟ್ಟುಕೊಂಡು, “ಯಕ್ಕಾ, ನಿಮ್ಮ ಓಣ್ಯಾಗ ನಳಾ ಬಂದಾವೇನ?” ಎಂದು ಕೇಳಿಬಿಡುತ್ತಿದ್ದೆ. ನಗು ಬರುತ್ತಿತ್ತು, ಹೊಡೆತ ತಪ್ಪುತ್ತಿತ್ತು. ಅದೇ ಜಡೆಯನ್ನು ತಲೆಯ ಮೇಲೆ ಗಂಟು ಕಟ್ಟಿದರೆ ನಮ್ಮ ಅಜ್ಜಿ ಆಯಿ, ಹಿಂದಕ್ಕೆ ಬಿಟ್ಟರೆ ಅವ್ವ, ಮೂಗಿನ ಕೆಳಗೆ ಅಡ್ಡ ಹಿಡಿದರೆ ಮೀಸೆಯ ಹೆಡ್‌ಮಾಸ್ತರು. ಒಂದೇ ಕೂದಲಿನಲ್ಲಿ ಇಷ್ಟು ಜನರನ್ನು ಮಾಡುತ್ತಿದ್ದೆ. ಕನ್ನಡಿಯ ಮುಂದೆ ಸುಮ್ಮನೆ ನಿಂತಾಗ ಅಲ್ಲಿ ಕಾಣುವವನು ಯಾರೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಕೂದಲು ದೇವರದು ಎಂಬುದು ಗೊತ್ತಿತ್ತು. ನನಗಿಂತ ಮುಂಚೆ ಅವ್ವ ಎರಡು ಕೂಸು ಕಳೆದುಕೊಂಡಿದ್ದಳು. ನಾನು ಹೊಟ್ಟೆಯಲ್ಲಿದ್ದಾಗಲೇ ಅಪ್ಪನ ತಾಯಿ, ನಮ್ಮ ಆಯಿ, ಮೈಲಾಪುರದ ಮಲ್ಲಯ್ಯನಿಗೆ ಹರಕೆ ಹೊತ್ತಳು. ಗಂಡಾಗಲಿ ಹೆಣ್ಣಾಗಲಿ, ಉಳಿದರೆ ಅದರ ಹುಟ್ಟುಗೂದಲು ನಿನ್ನದು, ತನ್ನ ಕಾಲಿನಿಂದಲೇ ಗುಡ್ಡ ಹತ್ತಿ ಬಂದು ಕೊಡುತ್ತದೆ, ಎಂದು. ನಾನು ಉಳಿದೆ. ಕಾಲೂ ಬಂತು. ಆದರೆ ಪ್ರತಿ ವರ್ಷವೂ ಹೊರಡುವ ಹೊತ್ತಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ಸಲ ದಾಯಾದಿಗಳ ಮನೆಯಲ್ಲಿ ಸೂತಕ, ಒಂದು ಸಲ ಅವ್ವ ಬಸುರಿ, ಒಂದು ಸಲ ಅವ್ವನಿಗೆ ಜ್ವರ, ಇನ್ನೊಂದು ಸಲ ಅವ್ವನಿಗೆ ಸೊಂಟ ಹಿಡಿದಿತ್ತು. ಅಡ್ಡ ಬರುವುದು ಹೆಚ್ಚಾಗಿ ಅವ್ವನ ಮೈಯ ಮೂಲಕವೇ ಎಂಬುದನ್ನು ಯಾರೂ ಗಮನಿಸಲಿಲ್ಲ. ಜಡೆ ತನ್ನ ಪಾಡಿಗೆ ತಾನು ಬೆಳೆಯುತ್ತ ಹೋಯಿತು.

ಮನೆ ವನದುರ್ಗದಲ್ಲಿ, ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ಹಿಂದೆ ಅಡುಗೆ ಕೋಣೆ, ಎರಡರ ನಡುವೆ ಒಂದು ಗೋಡೆ. ಗೋಡೆಯ ಈ ಕಡೆ ಆಯಿಯ ದೇವರ ಜಗಲಿ. ಅಲ್ಲಿ ಮಲ್ಲಯ್ಯನ ಹಿತ್ತಾಳೆ ಮುಖ, ಮಡಿಸಿಟ್ಟ ಕರಿ ಕಂಬಳಿ, ಗೂಟಕ್ಕೆ ನೇತುಹಾಕಿದ ಭಂಡಾರದ ಚೀಲ. ಭಂಡಾರ ಅಂದರೆ ಅರಿಶಿನದ ಪುಡಿಯೇ, ಆದರೆ ಅದನ್ನು ಅರಿಶಿನ ಅಂದರೆ ಆಯಿ ಮಾತು ಬಿಡುತ್ತಿದ್ದಳು. ಗೋಡೆಯ ಆ ಕಡೆ ಅವ್ವನ ಮಾಡ, ಗೋಡೆಯೊಳಗಿನ ಗೂಡು. ಅಲ್ಲಿ ಉಪ್ಪು, ಸಾಸಿವೆ, ಖಾರದ ಪುಡಿಯ ಡಬ್ಬಿಗಳ ಹಿಂದೆ ಸುರಪುರದ ಕಡೆಯ ದರ್ಗಾದಿಂದ ತಂದ ಊದಿಯ, ಅಂದರೆ ಹರಸಿ ಕೊಟ್ಟ ಬೂದಿಯ, ಪೊಟ್ಟಣ. ಬೇಸ್ತವಾರ ಅವ್ವ ಕೆಂಡದ ಮೇಲೆ ಲೋಬಾನ ಉದುರಿಸಿದರೆ ಹೊಗೆ ಗೋಡೆ ದಾಟಿ ಮಲ್ಲಯ್ಯನ ಮುಂದೆಯೂ ಸುಳಿಯುತ್ತಿತ್ತು. ಆಯಿ ಅದಕ್ಕೆ ಬೇಡ ಅಂದವಳಲ್ಲ, ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿಕೊಂಡು ಬರುವವಳು ಅವಳೂ ಹೌದು. ಬೆಳಿಗ್ಗೆ ಎದ್ದ ಕೂಡಲೇ ಆಯಿ ಚೀಲಕ್ಕೆ ಕೈ ಹಾಕಿ, ಮೊದಲು ಮಲ್ಲಯ್ಯನಿಗೆ, ಆಮೇಲೆ ತನಗೆ, ನನಗೆ, ತಂಗಿ ಶಾಂತಿಗೆ, ಅಪ್ಪನಿಗೆ, ಅವ್ವನಿಗೆ, ಕಡೆಗೆ ಹಟ್ಟಿಗೆ ಹೋಗಿ ಟಗರಿಗೂ ನಾಯಿಗೂ ಭಂಡಾರ ಹಚ್ಚಿಬರುತ್ತಿದ್ದಳು. ನಮ್ಮ ಮನೆಯಲ್ಲಿ ಹಣೆ ಇದ್ದ ಪ್ರಾಣಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ಐದನೆಯ ತರಗತಿ ಮುಗಿದಾಗ ಶಹಾಪುರದ ಆಚೆಯ ಒಂದು ವಸತಿ ಶಾಲೆಯಲ್ಲಿ ನನಗೆ ಸೀಟು ಸಿಕ್ಕಿತು. ಅಲ್ಲಿ ಗಂಡುಹುಡುಗರ ತಲೆ ನುಣ್ಣಗಿರಬೇಕು ಎಂದು ಮಾಸ್ತರು ಅಪ್ಪನಿಗೆ ಹೇಳಿ ಕಳಿಸಿದ್ದರು. ಅಂದು ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಯಿ ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತ ಬಾಗಿಲಲ್ಲಿ ಕೂತಿದ್ದಳು.

“ಬರೋ ಐತಾರ ಮೈಲಾಪುರಕ್ಕ ಹೋಗಮು,” ಅಂದಳು ಆಯಿ. “ಮಲ್ಲಯ್ಯನ ಕೂದ್ಲ ಮಲ್ಲಯ್ಯಗ ಕೊಟ್ಟು ಬಿಡಮು. ಇನ್ನ ತಡಾ ಬ್ಯಾಡ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಅತ್ತಿ, ಆ ಕೂದ್ಲ ನಾ ದರ್ಗಾಕ್ಕ ಬೇಡಿಕೊಂಡೀನಿ.”

“ಯಾವ ಕೂದ್ಲ?”

“ಅದೇ.”

“ಅದೇ ಅಂದ್ರ?”

“ಇವನ ತಲಿ ಮ್ಯಾಗ ಇನ್ನೊಂದ ಕೂದ್ಲ ಎಲ್ಲಿ ಅದ ಅತ್ತಿ.”

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

“ನಾನೂ ದರ್ಗಾಕ್ಕ ನಡಕೊಂತೀನಿ,” ಅಂದಳು ಆಯಿ. “ಹೂವಿನ ಚಾದರ ಏರಸು ಅಂದ್ರ ಏರಸ್ತೀನಿ. ಆದ್ರ ಹುಟ್ಟುಗೂದ್ಲ ಯಾರರ ಎರಡ ಕಡಿ ಬೇಡಿಕೊಂತಾರೇನ? ನಾ ಬೇಡಿಕೊಂಡಿದ್ದು ನಿನಗ ಗೊತ್ತಿರಲಿಲ್ಲೇನ?”

“ಗೊತ್ತಿತ್ತು. ಇಂವ ಕೂಸಿದ್ದಾಗ ಜ್ವರದಾಗ ಮೈ ತಣ್ಣಗಾಗಿತ್ತು. ನೀವು ಕುರಿ ಕೂಡ ಹೋಗಿದ್ರಿ. ಯಾರ ಹೆಸರ ಬಾಯಾಗ ಬಂತೋ ಅವರನ್ನ ಕರದೆ. ನನ್ನ ಕಡಿ ಕೊಡಾಕ ಬ್ಯಾರೆ ಏನಿತ್ತು?”

ಆಗ ಅಪ್ಪ ಊಟಕ್ಕೆ ಬಂದ. ವಿಷಯ ಕೇಳಿದ. ಎರಡು ರೊಟ್ಟಿ ಮುಗಿಸಿದ. ಮೂರನೆಯದಕ್ಕೆ ಕೈ ಹಾಕುತ್ತ, “ಅರ್ಧಾ ಅಲ್ಲಿ, ಅರ್ಧಾ ಇಲ್ಲಿ ಕೊಟ್ರ ಆತು,” ಅಂದ.

“ಯಾವತ್ತರ ಅರ್ಧಾ ಕುರಿ ಮಾರಿ ಬಂದೀಯೇನು?” ಅಂದಳು ಆಯಿ.

ಅಪ್ಪ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಹಟ್ಟಿಗೆ ಹೋದ. ಆಮೇಲೆ ಕೆಲವು ದಿನ ಅವನ ಊಟ ಅಲ್ಲಿಯೇ ನಡೆಯಿತು, ಬಹುಶಃ ಕುರಿಗಳು ಉತ್ತರ ಕೊಡುವುದಿಲ್ಲ ಎಂಬ ಸಮಾಧಾನಕ್ಕೆ.

ಇಬ್ಬರು ಹೆಂಗಸರೂ ಮಾತು ಬಿಟ್ಟರು. ಒಂದೇ ಒಲೆ, ಒಂದೇ ಬಾಗಿಲು ಇರುವ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ, ಅದಕ್ಕೆ ನಡುವೆ ಒಬ್ಬ ಬೇಕು. “ನಿಮ್ಮವ್ವಗ ಹೇಳು, ಎಮ್ಮಿ ಹಾಲ ಹಿಂಡಾಕ ನಿಂತದ ಅಂತ.” “ನಿಮ್ಮ ಆಯಿಗಿ ಹೇಳು, ಕಾಣಾಕತ್ಯಾದ ಅಂತ.” ನಾನು ಹೇಳುತ್ತಿದ್ದೆ, ಆದರೆ ನನ್ನ ಚಟ ಬಿಡಬೇಕಲ್ಲ. ಆಯಿಯ ಮಾತನ್ನು ಆಯಿಯ ಗಂಟಲಿನಲ್ಲಿ, ಅವ್ವನದನ್ನು ಅವ್ವನ ಮೂಗಿನಲ್ಲಿ ಹೇಳುತ್ತಿದ್ದೆ. “ನಾ ಹಂಗ ಕೊಂಕ ತಗದು ಅಂತೀನೇನು?” ಎಂದು ಇಬ್ಬರೂ ನನ್ನ ಮೇಲೆಯೇ ಬರುತ್ತಿದ್ದರು. ನನ್ನ ಅಣಕ ಕೇಳಿ ನಗದೇ ಇದ್ದ ಪ್ರೇಕ್ಷಕರಲ್ಲಿ ಅವರೇ ಮೊದಲಿಗರು.

ಒಳಗೊಳಗೆ ನನಗೆ ದಿಕ್ಕು ತಪ್ಪಿತ್ತು. ಶಾಲೆ ಬೇಕಿತ್ತು, ಜಡೆ ಬೇಡವಾಗಿತ್ತು. ಆದರೆ ತಪ್ಪು ದೇವರ ಮುಂದೆ ಜಡೆ ಇಳಿದರೆ ಸರಿಯಾದ ದೇವರು ಏನು ಮಾಡುತ್ತಾನೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ತಲೆ ಬಾಚುವಾಗ ಅವ್ವನ ಅಂಗೈ ಮತ್ತೆ ಮತ್ತೆ ನನ್ನ ಹಣೆಯ ಮೇಲೆ ಬಂದು ಜ್ವರ ಇದೆಯೇನೋ ಎಂದು ನೋಡಿ ಹೋಗುತ್ತಿತ್ತು. ಅದರಿಂದಲೇ ನನಗೆ ಉತ್ತರ ಗೊತ್ತಾಯಿತು. ಒಂದು ಬೆಳಿಗ್ಗೆ ಕೇಳಿಬಿಟ್ಟೆ.

“ಅವ್ವ, ನಾ ಯಾರು ಕೊಟ್ಟ ಮಗ?”

ಅವಳು ಹಣಿಗೆಯಿಂದ ನೆತ್ತಿಗೆ ಒಂದು ಕೊಟ್ಟಳು. “ನಾ ಹಡದ ಮಗ. ತಲಿ ನೆಟ್ಟಗ ಹಿಡಿ.”

ಕಡೆಗೆ ಆಯಿಯೇ ದಾರಿ ಹುಡುಕಿದಳು. ಅಪ್ಪಣೆ ಕೇಳುವುದು. ಒಂದು ಬಿಳಿ ಕಾಗದದ ಚೂರಿನಲ್ಲಿ ಭಂಡಾರ, ಇನ್ನೊಂದರಲ್ಲಿ ಊದಿ, ಎರಡನ್ನೂ ಒಂದೇ ನಮೂನೆ ಮಡಿಸಿ ದೀಪದ ಮುಂದೆ ಇಡುವುದು. ಶಾಂತಿ ಕಣ್ಣು ಮುಚ್ಚಿ ಯಾವುದನ್ನು ಎತ್ತುತ್ತಾಳೋ ಆ ದೇವರಿಗೆ ಕೂದಲು. ಅವ್ವ ಒಪ್ಪಿದಳು. ಅಪ್ಪನನ್ನು ಹಟ್ಟಿಯಿಂದ ಕರೆಸಿ ಕೂರಿಸಿದರು. ಶಾಂತಿ ಆಗಿನ್ನೂ ಚಿಕ್ಕವಳು, ಪೆಪ್ಪರಮಿಂಟು ಎಂದುಕೊಂಡು ಒಂದು ಪೊಟ್ಟಣವನ್ನು ಗಬಕ್ಕನೆ ಹಿಡಿದಳು. ಅಪ್ಪ ಅದನ್ನು ಬಿಚ್ಚಿದ.

“ಯಾವುದು ಬಂತು?” ಆಯಿ ಕೇಳಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಅಪ್ಪ ಪೊಟ್ಟಣವನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದ. “ಇದು ಹಳದಿನೂ ಇಲ್ಲ, ಬೂದಿನೂ ಇಲ್ಲ.”

ಇನ್ನೊಂದನ್ನೂ ಬಿಚ್ಚಿದ. ಅದು ಶುದ್ಧ ಊದಿ. ಹಾಗಾದರೆ ಶಾಂತಿ ಎತ್ತಿದ್ದು ಭಂಡಾರವೇ, ಆಯಿ ಗೆದ್ದಿದ್ದಳು. ಆದರೆ ಬಿಳಿ ಕಾಗದದ ಮೇಲೆ ಅದು ಕಂಡಕ್ಟರನ ಖಾಕಿ ಅಂಗಿಯ ಬಣ್ಣಕ್ಕಿತ್ತು. ದಿನಾ ಹಣೆಗೆ ಹಚ್ಚಿಸಿಕೊಳ್ಳುತ್ತಿದ್ದ ನಾನು ಭಂಡಾರದ ಬಣ್ಣವೇ ಅದು ಎಂದುಕೊಂಡಿದ್ದೆ, ಹುಟ್ಟಿದಾಗಿನಿಂದ ಬೇರೆ ಭಂಡಾರ ನೋಡಿದವನಲ್ಲ. ಆಯಿ ಪೊಟ್ಟಣವನ್ನು ಮೂಗಿಗೆ ಹಿಡಿದಳು. ನಾಲಿಗೆಯ ತುದಿಗೆ ಹಚ್ಚಿ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿದಳು.

“ಏನ ಹಾಕೀ ಇದರಾಗ?”

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ನಾನು ಜ್ವರದಿಂದ ಎದ್ದ ಮೇಲೆ, ಮಗುವಿಗೆ ದಿನಾ ಊದಿ ಹಚ್ಚು ಎಂದು ದರ್ಗಾದ ಮುಜಾವರರು ಅಂದಿದ್ದರು. ಹಚ್ಚಿದರೆ ಯಾಕೆಂದು ಆಯಿ ಕೇಳುತ್ತಾಳೆ, ಕೇಳಿದರೆ ಹರಕೆಯ ಮಾತು ಹೊರಗೆ ಬರುತ್ತದೆ. ಹೇಗೂ ಆಯಿ ದಿನಾ ಹಣೆಗೆ ಭಂಡಾರ ಹಚ್ಚುತ್ತಾಳಲ್ಲ ಎಂದು, ಬೇಸ್ತವಾರಕ್ಕೊಮ್ಮೆ ಆ ಚೀಲದಲ್ಲೇ ಒಂದು ಚಿಟಿಕೆ ಊದಿ ಬೆರೆಸುತ್ತ ಬಂದಿದ್ದಳು. ಅಷ್ಟು ವರ್ಷವೂ.

ನಾವು ಆಯಿಯ ಬಾಯಿಯನ್ನು ಕಾದು ಕೂತೆವು. ಬೈಗುಳ ಬರುತ್ತದೆ, ಅದನ್ನು ನಾಳೆ ಶಾಲೆಯಲ್ಲಿ ಮಾಡಿ ತೋರಿಸಬಹುದು ಎಂದು ನಾನು ಕಿವಿ ತೆರೆದುಕೊಂಡಿದ್ದೆ. ಅವಳು ತನ್ನ ಮೊಣಕಾಲನ್ನು ಮೆಲ್ಲಗೆ ಮುಟ್ಟಿಕೊಂಡಳು.

“ಹಂಗಾರ ನನ್ನ ಮಣಕಾಲ ನೋವು ಹೋಗಿದ್ದು ಯಾರ ಕಡಿಂದ?”

ಅಪ್ಪ ಇನ್ನೊಂದು ಪೊಟ್ಟಣವನ್ನು ಮಡಿಸಿ ಕೆಳಗಿಟ್ಟ.

“ಹಿಂಡಿಗೆ ಜಡ್ಡು ಬಿದ್ದಾಗ ಇದನ್ನ ಹಚ್ಚಿದ್ದೆ. ಎಲ್ಲಾರ ಕುರಿ ಸತ್ವು, ನಮ್ಮವು ಎದ್ದು ನಿಂತ್ವು. ಅದು ಯಾರು ಎಬ್ಬಿಸಿದ್ದು?”

“ನನಗೇನ ಗೊತ್ತು ಅತ್ತಿ.”

“ಬೆರಸಿದಾಕಿ ನೀನು. ನಿನಗ ಗೊತ್ತಿಲ್ಲಂದ್ರ ಮತ್ಯಾರನ್ನ ಕೇಳಬೇಕು.”

ಆ ಸಂಜೆಯಿಂದ ಜಗಳ ಮಗುಚಿ ಬಿತ್ತು. ಈ ಭಾಗವನ್ನು ಯಾರಿಗಾದರೂ ಹೇಳುವಾಗ ನಾನೇ ತೊಡರುತ್ತೇನೆ. ಇಷ್ಟು ವರ್ಷ ಹೇಳದೆ ಕೇಳದೆ ದರ್ಗಾದವನ ಊದಿಯ ಗುಣ ತಿಂದಿದ್ದೇವೆ, ಕೂದಲು ದರ್ಗಾಕ್ಕೇ ಹೋಗಬೇಕು ಎಂದು ಆಯಿ ಹಟ ಹಿಡಿದಳು. ಮಲ್ಲಯ್ಯನ ಭಂಡಾರ ಕೆಡಿಸಿದವಳು ನಾನು, ಅಪ್ಪಣೆಯೂ ಅವನದೇ ಬಂದಿದೆ, ಕೂದಲು ಮೈಲಾಪುರಕ್ಕೇ ಹೋಗಬೇಕು ಎಂದು ಅವ್ವ ಕೂತಳು. ಮೊದಲು ಇಬ್ಬರೂ ನನ್ನ ತಲೆಯನ್ನು ತಮ್ಮ ಕಡೆ ಎಳೆಯುತ್ತಿದ್ದರು, ಈಗ ಎದುರು ಕಡೆಗೆ ದೂಡತೊಡಗಿದರು. ನಡುವೆ ಸುದ್ದಿ ಒಯ್ಯುತ್ತಿದ್ದ ನಾನು ಆಯಿಯ ಗಂಟಲಿನಲ್ಲಿ ದರ್ಗಾದ ಮಾತು, ಅವ್ವನ ಮೂಗಿನಲ್ಲಿ ಮಲ್ಲಯ್ಯನ ಮಾತು ಆಡುವಾಗ ಯಾರ ಪಾತ್ರದಲ್ಲಿದ್ದೇನೆ ಎಂಬುದೇ ಮರೆತು, ಅರ್ಧಕ್ಕೆ ನಿಂತುಬಿಡುತ್ತಿದ್ದೆ. ಐತಾರ ಹೋಯಿತು, ಬೇಸ್ತವಾರವೂ ಹೋಯಿತು. ಶಾಲೆಗೆ ಹೆಸರು ಹಚ್ಚಿಸುವ ದಿನ ಬಂತು.

“ನಿಮ್ಮ ದೇವರು ಇಬ್ಬರೂ ಕೂಡಿ ಫೈಸಲಾ ಮಾಡೋತನಕ ಸಾಲಿ ನಿಲ್ಲಂಗಿಲ್ಲ,” ಎಂದು ಅಪ್ಪ ನನ್ನನ್ನು ಜಡೆಸಮೇತ ಬಸ್ಸಿಗೆ ಹತ್ತಿಸಿದ. ಶಾಲೆಯ ಸರ್‌ಗೆ ಕೈ ಮುಗಿದು ಎಂಟು ದಿನ ಮಾಫಿ ಕೇಳಿಕೊಳ್ಳುವುದು ಅವನ ಲೆಕ್ಕಾಚಾರ. ಅಪ್ಪ ಆಫೀಸಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ. ಹೊಸ ಹುಡುಗರನ್ನೆಲ್ಲ ಬೇವಿನ ಮರದ ಕೆಳಗೆ ಇನ್ನೊಂದು ಸಾಲಿನಲ್ಲಿ ಕೂರಿಸಿದರು. ಅಲ್ಲಿ ಒಬ್ಬ ಕ್ಷೌರಿಕ ಕುರಿ ಉಣ್ಣೆ ಇಳಿಸುವ ವೇಗದಲ್ಲಿ ತಲೆಗಳನ್ನು ಮುಗಿಸುತ್ತಿದ್ದ. ನನ್ನ ಮುಂದೆ ಗುರುಮಠಕಲ್ ಕಡೆಯ ಹುಡುಗನೊಬ್ಬ ತೆಲುಗಿನಲ್ಲಿ ಅಳುತ್ತಿದ್ದ. ಅವನ ಮುಂದೆ ತಾಂಡಾದ ಹುಡುಗ, ಅವನ ಮುಂದೆ ಶಹಾಪುರದ ಮೆಕ್ಯಾನಿಕನ ಮಗ ರಫೀಕ. ಎಲ್ಲರೂ ನನ್ನ ಜಡೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ನಾನು ಕೆಲಸ ಶುರು ಮಾಡಿದ್ದೆ. ಆಗತಾನೆ ಭಾಷಣ ಮುಗಿಸಿ ಹೋದ ಸರ್ ಸೊಂಟಕ್ಕೆ ಪ್ಯಾಂಟು ಏರಿಸಿಕೊಳ್ಳುವ ರೀತಿ, “ಶಿಸ್ತು” ಅನ್ನುವಾಗ ಅವರ ಮೂಗು ಅರಳುವ ರೀತಿ. ತೆಲುಗಿನ ಹುಡುಗ ಅಳುತ್ತಲೇ ನಕ್ಕ. ನನ್ನ ಸರದಿ ಬಂತು. ಕ್ಷೌರಿಕ ಜಡೆಯನ್ನು ಅಂಗೈಯಲ್ಲಿ ತೂಗಿದ.

“ಇದು ಹರಕಿ ಕೂದ್ಲ ಇದ್ದಂಗ ಅದಲ್ಲೋ.”

“ಹೌದ್ರಿ.”

“ಹಂಗಾರ ನಾ ಮುಟ್ಟಂಗಿಲ್ಲ. ಯಾವ ದೇವರದು ಹೇಳು, ಸರ್‌ಗೆ ಹೇಳಿ ನಿನ್ನ ಬಿಡಸ್ತೀನಿ.”

ಬಾಯಿ ತೆರೆದೆ. ಆಯಿಯ ದನಿ ಮೊದಲು ಬಂತು. ಹಳೆಯ ಆಯಿ ಮಲ್ಲಯ್ಯ ಅನ್ನುತ್ತಿದ್ದಳು, ಹೊಸ ಆಯಿ ದರ್ಗಾ ಅನ್ನುತ್ತಿದ್ದಳು. ಅವ್ವನ ದನಿಗೆ ಹೋದೆ, ಅಲ್ಲಿಯೂ ಇಬ್ಬರು ಅವ್ವಂದಿರು. ನನ್ನ ಬಳಿ ಇದ್ದ ದನಿಗಳೆಲ್ಲ ಮುಗಿದವು.

“ಗೊತ್ತಿಲ್ರಿ.”

ಹುಡುಗರು ಹೋ ಎಂದು ನಕ್ಕರು. ಇದು ಯಾರ ಅಣಕ ಎಂದು ರಫೀಕ ಪಕ್ಕದವನನ್ನು ಕೇಳಿದ.

“ಇಷ್ಟೊತ್ತು ಸರ್‌ದು ಅಣಕ ತಗದು ನಗಸಿದಿ, ಈಗ ನನ್ನ ಕೂಡ ಆಟಾ ಹಚ್ಚೀಯೇನು?” ಅಂದ ಕ್ಷೌರಿಕ.

“ಖರೇನ ಗೊತ್ತಿಲ್ರಿ.”

“ದೇವರ ಹೆಸರ ಗೊತ್ತಿಲ್ಲದ ಹರಕಿ ನಾ ಇಲ್ಲೀತನಕ ಕಂಡಿಲ್ಲ,” ಎಂದು ಅವನು ಕತ್ತರಿ ಎತ್ತಿದ.

ಅಪ್ಪ ಕಿಟಕಿಯಿಂದ ಬಂದಾಗ ನಾನು ಎದ್ದು ಮೈ ಕೊಡವಿಕೊಳ್ಳುತ್ತಿದ್ದೆ. ಕುತ್ತಿಗೆಯ ಮೇಲೆ ಗಾಳಿ ಹೊಸದಾಗಿತ್ತು. ಅಪ್ಪ ನನ್ನ ತಲೆಯನ್ನು ನೋಡಿದ, ನೆಲವನ್ನು ನೋಡಿದ, ಮಂಡಿಯೂರಿ ತನ್ನ ಟವೆಲ್ ಹಾಸಿ ಜಡೆಯನ್ನು ಎತ್ತಿಟ್ಟುಕೊಂಡ. ಔಡಲೆಣ್ಣೆಯಲ್ಲಿ ಮಿಂದ ಜಡೆ ಅದು. ಅಲ್ಲಿ ಬಿದ್ದಿದ್ದ ಎಲ್ಲ ಹುಡುಗರ ಗಿಡ್ಡ ಕೂದಲೂ ಅದಕ್ಕೆ ಮೆತ್ತಿಕೊಂಡಿದ್ದವು.

ಹಾಸಿಗೆ, ಟ್ರಂಕು ತೆಗೆದುಕೊಂಡು ಮರುದಿನ ಬರಬೇಕು ಎಂದಿದ್ದರಿಂದ ಅಂದೇ ಮನೆಗೆ ಬಂದೆವು. ಅವ್ವ ಕಟ್ಟೆಯಿಂದ ಇಳಿದು ಬಂದು ಎರಡೂ ಕೈಯಲ್ಲಿ ನನ್ನ ಬೋಳುತಲೆ ಹಿಡಿದಳು. ಹಣೆ, ಕುತ್ತಿಗೆ, ಎದೆ, ಮೂರೂ ಕಡೆ ಮುಟ್ಟಿ ಬಿಸಿ ನೋಡಿದಳು. ಅವಳ ಕೈ ಮಾತ್ರ ತಣ್ಣಗಿತ್ತು. ಆಯಿ ಟವೆಲ್ ಬಿಚ್ಚಿಸಿ, ಜಡೆಯನ್ನು ತಡವಿ, “ಇದೇನು ಚುಚ್ಚತದ?” ಎಂದಳು. ಅಪ್ಪ ಹೇಳಿದ.

“ಮಂದಿ ಮಕ್ಕಳ ಕೂದ್ಲ ನಾವು ಕೊಡಾಕ ಬರ್ತದೇನು? ಮರ ತಗೊಂಡು ಬಾ,” ಅಂದಳು ಆಯಿ. ಎಷ್ಟೋ ದಿನಗಳ ಮೇಲೆ ಅವ್ವನಿಗೆ ನೇರವಾಗಿ ಆಡಿದ ಮಾತು ಅದು.

ಜೋಳ ಹಸನು ಮಾಡುವ ಮೊರದಲ್ಲಿ ಜಡೆ ಬಿಚ್ಚಿ ಹರಡಿಕೊಂಡು ಅತ್ತೆ ಸೊಸೆ ಎದುರುಬದುರು ಕೂತರು. ಅವ್ವ ಆರಿಸುವುದು, ಆಯಿ ಬೆರಳಲ್ಲಿ ತಡವಿ ನೋಡುವುದು. “ಇದು ಕೆಂಚಗದ, ನಮ್ಮವನದಲ್ಲ.” “ಇದು ಗುಂಗುರದ, ಇದು ಯಾರದೋ ಮಲ್ಯಾ?” ಗುಂಗುರು ರಫೀಕನದು ಎಂದೆ, ರಫೀಕ ಗಾಡಿಯ ಎಕ್ಸಿಲೇಟರ್ ತಿರುವುತ್ತ ಮಾತಾಡುವುದನ್ನು ಮಾಡಿ ತೋರಿಸಿದೆ. ಕೆಂಚಗಿನದು ತಾಂಡಾದವನದು, ನೇರವಾಗಿ ನಿಂತದ್ದು ತೆಲುಗಿನವನದು. ಅವನ ಅಳು ನನ್ನ ಬಾಯಿಂದ ಬಂದಾಗ ಅವ್ವನಿಗೆ ನಗು ತಡೆಯಲಿಲ್ಲ. ನಕ್ಕವಳು ಹಾಗೆಯೇ ಅಳುವುದಕ್ಕೆ ಹೊರಳಿ, ಮತ್ತೆ ಆರಿಸತೊಡಗಿದಳು. ಎಣ್ಣೆಗೆ ಹಿಡಿದ ಕೂದಲು ಬಿಡುತ್ತಿರಲಿಲ್ಲ. ಒಂದನ್ನು ಎಳೆದರೆ ನನ್ನವೂ ಅದರ ಜೊತೆ ಬರುತ್ತಿದ್ದವು. ಬೆಳಕು ಕಡಿಮೆಯಾಯಿತು. ಆಯಿ ಅವ್ವನ ಕೈ ಹಿಡಿದು ನಿಲ್ಲಿಸಿದಳು.

“ಸಾಕ್ ಬಿಡವ್ವ. ಅವೂ ಹಡದವರ ಮಕ್ಕಳವೇ. ಬೇಕಾದಾತ ಆರಿಸಿಕೊಳ್ಳಲಿ.”

ಮರುದಿನ ಶಾಂತಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವೆಲ್ಲ ಒಟ್ಟಿಗೆ ಶಹಾಪುರದ ಬಸ್‌ಸ್ಟ್ಯಾಂಡಿಗೆ ಬಂದೆವು. ಅಪ್ಪನೂ ನಾನೂ ಟ್ರಂಕಿನ ಜೊತೆ ಶಾಲೆಯ ದಾರಿಯ ಬಸ್ಸು ಹತ್ತಿದೆವು. ಅವ್ವ, ಆಯಿ ಟವೆಲಿನ ಗಂಟು ಹಿಡಿದುಕೊಂಡು ವಿಚಾರಣೆಯ ಕಿಟಕಿಯ ಮುಂದೆ ನಿಂತರು. ಮೈಲಾಪುರಕ್ಕಾದರೆ ಯಾದಗಿರಿಯ ಬಸ್ಸು, ದರ್ಗಾಕ್ಕಾದರೆ ಸುರಪುರದ ಬಸ್ಸು. ಒಂದು ಆ ದಿಕ್ಕು, ಒಂದು ಈ ದಿಕ್ಕು. ಕಿಟಕಿಯ ಒಳಗಿನವನ ಮಾತು ನನಗೆ ಕೇಳಿಸಿತು.

“ಎಲ್ಲಿಗೆ ಹೋಗಬೇಕು ಆಯಿ?”

ಆಯಿ ಅವ್ವನ ಕಡೆ ನೋಡಿದಳು. ಅವ್ವ ಆಯಿಯ ಕಡೆ ನೋಡಿದಳು.

“ಅದನ್ನ ಆಮ್ಯಾಲ ಹೇಳ್ತೀವಿ,” ಅಂದಳು ಆಯಿ. “ಮೊದ್ಲ ಯಾವ ಬಸ್ಸು ಬರ್ತದ ಹೇಳ್ರಿ.”

ಅವನು ಏನು ಹೇಳಿದನೋ, ನಮ್ಮ ಡ್ರೈವರ್ ಗಾಡಿ ಚಾಲೂ ಮಾಡಿದ್ದರಿಂದ ಕೇಳಿಸಲಿಲ್ಲ. ನಾನು ಬೋಳುತಲೆಯನ್ನು ಕಿಟಕಿಯ ಹೊರಗೆ ಹಾಕಿ ಸ್ಟ್ಯಾಂಡು ಮರೆಯಾಗುವವರೆಗೆ ನೋಡುತ್ತಲೇ ಇದ್ದೆ. ಅವರು ಕಲ್ಲುಬೆಂಚಿನ ಮೇಲೆ ಗಂಟನ್ನು ನಡುವೆ ಇಟ್ಟುಕೊಂಡು ಕೂತಿದ್ದರು. ಯಾವ ಬಸ್ಸೂ ಇನ್ನೂ ಬಂದಿರಲಿಲ್ಲ.